ಆದಿವಾಸಿಗಳು ಮತ್ತು ಕ್ರಿಮಿನಲ್ ಕಾನೂನು: ಕಾಲೇಜಿನಲ್ಲಿ ಪಾಠ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಕಡೆಯ ಒಂದು ಕಾಲೇಜಿನಲ್ಲಿ ಕಾನೂನು ಮತ್ತು ಸಮಾಜಕಾರ್ಯ ಓದುವ ಮಕ್ಕಳಿಗೆ ಈ ವಿಷಯ ಪಾಠ ಮಾಡುತ್ತಾ ಬಂದಿದ್ದೇನೆ. ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಬೇರೆ ಬೇರೆ ಊರುಗಳಿಂದ ಫೋನು, ಮೆಸೇಜು ಬರುತ್ತವೆ. "ಸಿಲಬಸ್‌ನಲ್ಲಿ ಎರಡು ಸಾಲು ಇದೆ ಸರ್, ಏನು ಹೇಳೋದು?" ಅಂತ. ಪ್ರತಿ ಸಲ ಒಬ್ಬೊಬ್ಬರಿಗೂ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಬೇಕಾದ್ದನ್ನು ತಗೊಳ್ಳಿ.

ಆದಿವಾಸಿ, ಬುಡಕಟ್ಟು, ಗಿರಿಜನ, ಎಸ್‌ಟಿ. ತರಗತಿಯಲ್ಲಿ ಯಾವ ಪದ ಬಳಸಬೇಕು?

ಕೋರ್ಟಿನಲ್ಲಿ ನಡೆಯುವ ಪದ ಒಂದೇ: ಪರಿಶಿಷ್ಟ ಪಂಗಡ. ಕಾನೂನಿನ ರಕ್ಷಣೆ ಸಿಗಬೇಕಾದರೆ ಆ ಪಟ್ಟಿಯಲ್ಲಿ ಹೆಸರಿರಬೇಕು. ಆದರೆ ಜನ ತಮ್ಮನ್ನು ತಾವು ಕರೆದುಕೊಳ್ಳುವುದು ಸೋಲಿಗ, ಜೇನುಕುರುಬ, ಬೆಟ್ಟಕುರುಬ, ಎರವ, ಕೊರಗ, ಮಲೆಕುಡಿಯ, ಹಸಲ, ಸಿದ್ದಿ ಅಂತ. ಸಾಧ್ಯವಾದಾಗೆಲ್ಲ ಆ ಹೆಸರನ್ನೇ ಹೇಳಿ. ಎಲ್ಲರನ್ನೂ ಒಟ್ಟಿಗೆ ಹೇಳುವಾಗ ನಾನು ಆದಿವಾಸಿ ಅನ್ನುತ್ತೇನೆ. ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಊರುಗಳಲ್ಲಿ, ಸಂಘಟನೆ ಕಟ್ಟಿದವರು ಬಳಸುವ ಪದ ಅದು.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42.5 ಲಕ್ಷ, ಅಂದರೆ ಶೇ 7ರ ಹತ್ತಿರ. ಇವರಲ್ಲಿ ಕಾಡಿನೊಳಗೆ, ಕಾಡಂಚಿನಲ್ಲಿ ಬದುಕುವವರ ಪಾಲು ಸಣ್ಣದು. ಇದನ್ನು ಮೊದಲ ದಿನವೇ ಹೇಳಿಬಿಡಿ. ಇಲ್ಲದಿದ್ದರೆ ಎಸ್‌ಟಿ ಅಂದಕೂಡಲೇ ಮಕ್ಕಳ ಮಾತು ಮೀಸಲಾತಿ, ಸೀಟು, ಚುನಾವಣೆ ಕಡೆ ಹೋಗಿಬಿಡುತ್ತದೆ. ಒಂದು ಗಂಟೆ ಅಲ್ಲೇ ಮುಗಿದುಹೋಗುತ್ತದೆ.

ಎಲ್ಲಿಂದ ಶುರು ಮಾಡೋದು? ಅವರ ಸಂಸ್ಕೃತಿ, ಹಬ್ಬ, ಕುಣಿತದಿಂದಲಾ?

ಬೇಡ. ಹಾಗೆ ಶುರು ಮಾಡಿದರೆ ಮಕ್ಕಳು ಆದಿವಾಸಿಗಳನ್ನು ನೋಡುತ್ತಾ ಕೂರುತ್ತಾರೆ. ನಾವು ನೋಡಬೇಕಾದ್ದು ಪೊಲೀಸ್ ಠಾಣೆ, ಅರಣ್ಯ ಕಚೇರಿ, ಕೋರ್ಟು, ಜೈಲು. ಅವು ಒಬ್ಬ ಮನುಷ್ಯನ ದಿನನಿತ್ಯದ ಬದುಕನ್ನು ಹೇಗೆ ಕೇಸನ್ನಾಗಿ ಮಾಡುತ್ತವೆ ಅನ್ನುವುದೇ ಈ ಪಾಠದ ಜೀವಾಳ.

ನಾನು ಜೇನಿನಿಂದ ಶುರು ಮಾಡುತ್ತೇನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಎಷ್ಟೋ ತಲೆಮಾರಿನಿಂದ ಹೆಜ್ಜೇನು ಇಳಿಸುತ್ತಿದ್ದವರು. 1974ರಲ್ಲಿ ಆ ಕಾಡು ವನ್ಯಜೀವಿಧಾಮ ಆಯಿತು. ಆಮೇಲೂ ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿ ಮೂಲಕ ಜೇನು, ನೆಲ್ಲಿಕಾಯಿ, ಪಾಚಿ ಮಾರಾಟ ನಡೆಯುತ್ತಿತ್ತು, ಅಂದರೆ ಸರ್ಕಾರವೇ ಮಾಡಿದ ವ್ಯವಸ್ಥೆಯಲ್ಲಿ. ವನ್ಯಜೀವಿ ಕಾಯ್ದೆಯ ತಿದ್ದುಪಡಿ ಬಂದ ಮೇಲೆ, 2004ರ ಹೊತ್ತಿಗೆ, ಮಾರಾಟಕ್ಕಾಗಿ ಸಂಗ್ರಹ ಮಾಡುವುದು ನಿಂತಿತು. ನಿನ್ನೆ ಸೊಸೈಟಿಗೆ ಜೇನು ತೂಗಿ ಕೊಟ್ಟವನು ಇವತ್ತು ಅದೇ ಡಬ್ಬ ಹೊತ್ತು ಬಂದರೆ ಆರೋಪಿ. ಅಷ್ಟರಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಬಂತು, ಕಿರು ಅರಣ್ಯ ಉತ್ಪನ್ನದ ಮಾಲೀಕತ್ವವನ್ನೇ ಕೊಟ್ಟಿತು. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು, ಅದೇ ವರ್ಷ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆಯೂ ಸಿಕ್ಕಿತು.

ಬೋರ್ಡಿನ ಮೇಲೆ ಒಂದು ಗೆರೆ ಎಳೆದು ಈ ವರ್ಷಗಳನ್ನು ಬರೆಯಿರಿ. ಆಮೇಲೆ ಕೇಳಿ: ಮರ ಬದಲಾಯಿತಾ? ಜೇನು ಬದಲಾಯಿತಾ? ಹತ್ತಿದ ಮನುಷ್ಯ ಬದಲಾದನಾ? ಹಾಗಾದರೆ ಅಪರಾಧ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ನನ್ನ ತರಗತಿಯಲ್ಲಿ ಯಾವ ವರ್ಷವೂ ಈ ಪ್ರಶ್ನೆಗೆ ಎಲ್ಲರೂ ಸುಮ್ನೆ ಕೂತಿದ್ದಿಲ್ಲ. ಯಾರಾದರೂ ಒಬ್ಬರು ಎದ್ದು ಜಗಳಕ್ಕೆ ನಿಲ್ಲುತ್ತಾರೆ. ಪಾಠಕ್ಕೆ ಅದೇ ಬೇಕು.

ಸಮಯ ಇದ್ದರೆ ತರಗು ಬೆಂಕಿ ವಿಷಯವನ್ನೂ ಹೇಳಿ. ಒಣಗಿದ ಎಲೆ, ಹುಲ್ಲಿಗೆ ಸಣ್ಣದಾಗಿ, ಕಾಲ ನೋಡಿ ಬೆಂಕಿ ಹಾಕುವುದು ಸೋಲಿಗರ ಹಳೇ ಪದ್ಧತಿ. ಅರಣ್ಯ ಕಾಯ್ದೆಯ ಕಣ್ಣಿನಲ್ಲಿ ಅದು ಅಪರಾಧ. ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಅನ್ನುವ ಕಳೆ ಕಾಡು ತುಂಬಿತು ಅಂತ ಸೋಲಿಗರ ಹಿರಿಯರು ಹೇಳುತ್ತಾರೆ.

ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬ್ರಿಟಿಷರ ಕಾಲದ್ದು. ಅದನ್ನು ಈಗ ಯಾಕೆ ಹೇಳಬೇಕು?

1871ರಲ್ಲಿ ಬಂದ ಕಾನೂನು. ಒಂದು ಸಮುದಾಯದಲ್ಲಿ ಹುಟ್ಟಿದರೆ ಸಾಕು, ಹೆಸರು ರಿಜಿಸ್ಟರಿಗೆ. ಹಾಜರಿ ಹಾಕಬೇಕು. ಊರು ಬಿಡಬೇಕಾದರೆ ಪಾಸು ಬೇಕು. ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಇಂಥವರನ್ನು ಇಟ್ಟಿದ್ದ ಜಾಗಗಳಿದ್ದವು. ಇವತ್ತಿಗೂ ಅಲ್ಲಿನ ಜನ ಆ ಬಡಾವಣೆಯನ್ನು ಸೆಟ್ಲಮೆಂಟ್ ಅಂತಲೇ ಕರೆಯುತ್ತಾರೆ. ಉತ್ತರ ಕರ್ನಾಟಕದ ಮಕ್ಕಳು ತರಗತಿಯಲ್ಲಿದ್ದರೆ ಈ ಪದ ಕೇಳಿದಕೂಡಲೇ ತಲೆ ಎತ್ತುತ್ತಾರೆ, ಅಲ್ಲಿವರೆಗೆ ಅವರಿಗೆ ಅದು ಬರೀ ಬಸ್ ಸ್ಟಾಪಿನ ಹೆಸರು.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆ ದಿನವನ್ನು ಈಗ ವಿಮುಕ್ತ ದಿವಸ ಅಂತ ಆಚರಿಸುತ್ತಾರೆ. ಆದರೆ ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ನಮ್ಮಲ್ಲಿ ಬಂದದ್ದು 1961ರಲ್ಲಿ. ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಂತೂ ಅಲೆಮಾರಿ ಅಥವಾ ಅಪರಾಧಿ ಬುಡಕಟ್ಟು ಅನ್ನುವ ಮಾತು ಮೊನ್ನೆಮೊನ್ನೆವರೆಗೂ ಉಳಿದಿತ್ತು. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ನಿಯಮಗಳನ್ನು ತೆಗೆದುಹಾಕಿತು, ಜೈಲಿನ ರಿಜಿಸ್ಟರಿನಲ್ಲಿ ಜಾತಿ ಕಾಲಂ ಇರಬಾರದು ಅಂದಿತು, ವಿಮುಕ್ತ ಸಮುದಾಯದವರನ್ನು, ಅಂದರೆ ಹಿಂದೆ ಆ ಕಾಯ್ದೆಯ ಪಟ್ಟಿಯಲ್ಲಿದ್ದವರನ್ನು, ಪೊಲೀಸರು ಮನಬಂದಂತೆ ಬಂಧಿಸಬಾರದು ಅಂತಲೂ ಹೇಳಿತು. ಆ ಪ್ರಕರಣ ಶುರುವಾದದ್ದು ಒಬ್ಬ ಪತ್ರಕರ್ತೆಯ ವರದಿಗಾರಿಕೆಯಿಂದ. ಮಕ್ಕಳಿಗೆ ಇದನ್ನು ಮರೆಯದೆ ಹೇಳಿ.

ಒಂದು ಎಚ್ಚರ. ವಿಮುಕ್ತ ಸಮುದಾಯ ಮತ್ತು ಆದಿವಾಸಿ ಒಂದೇ ಅಲ್ಲ. ಕೊರಮ, ಕೊರಚ, ಘಂಟಿಚೋರ್ ಸಮುದಾಯಗಳು ನಮ್ಮಲ್ಲಿ ಪರಿಶಿಷ್ಟ ಜಾತಿ ಪಟ್ಟಿಯಲ್ಲಿವೆ, ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡದಲ್ಲಿ. ಎರಡನ್ನೂ ಸೇರಿಸಿ ಪಾಠ ಮಾಡಿ, ಆದರೆ ಕಲಸಬೇಡಿ.

"ಕಾನೂನು ಎಲ್ಲರಿಗೂ ಒಂದೇ ಅಲ್ವಾ ಸರ್? ಜಿಂಕೆ ಹೊಡೆದರೆ ತಪ್ಪಲ್ವಾ?" ಅಂತ ಕೇಳಿದರೆ?

ಕೇಳೇ ಕೇಳುತ್ತಾರೆ. ನೇರವಾಗಿ ಉತ್ತರ ಕೊಡಿ. ಅರಣ್ಯ ಹಕ್ಕು ಕಾಯ್ದೆ ಬೇಟೆಗೆ ಹಕ್ಕು ಕೊಟ್ಟಿಲ್ಲ, ಸ್ಪಷ್ಟವಾಗಿ ಹೊರಗಿಟ್ಟಿದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಪರಾಧವೇ. ಇದನ್ನು ಮುಚ್ಚಿಟ್ಟು ಆದಿವಾಸಿಗಳು ಮುಗ್ಧರು, ಏನೂ ಮಾಡುವುದಿಲ್ಲ ಅನ್ನುವ ಧಾಟಿಯಲ್ಲಿ ಪಾಠ ಮಾಡಿದರೆ ಮಕ್ಕಳು ನಂಬುವುದಿಲ್ಲ, ನಂಬಲೂ ಬಾರದು. ಮುಗ್ಧರಾಗಿದ್ದರೆ ಮಾತ್ರ ನ್ಯಾಯ ಸಿಗಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ.

ಆಮೇಲೆ ಮುಂದಿನ ಪ್ರಶ್ನೆಗೆ ಕರ್ಕೊಂಡು ಹೋಗಿ. 2022ರ ಅಕ್ಟೋಬರ್‌ನಲ್ಲಿ ಎಚ್.ಡಿ. ಕೋಟೆ ತಾಲೂಕಿನ ಒಬ್ಬ ಆದಿವಾಸಿಯನ್ನು ಜಿಂಕೆ ಮಾಂಸದ ಆರೋಪದ ಮೇಲೆ ಅರಣ್ಯ ಇಲಾಖೆಯವರು ಹಿಡಿದರು. ಅವರ ವಶದಲ್ಲಿದ್ದಾಗಲೇ ಆತ ಸತ್ತ. ಅಧಿಕಾರಿ, ಸಿಬ್ಬಂದಿ ಮೇಲೆ ಕೊಲೆ ಕೇಸು ದಾಖಲಾಯಿತು. ಆರೋಪ ನಿಜವೇ ಇರಲಿ ಅಂತ ಇಟ್ಟುಕೊಳ್ಳಿ. ಹಿಡಿದವರು ಆತನನ್ನು ಎಷ್ಟು ಹೊತ್ತಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು? ಮನೆಯವರಿಗೆ ಯಾರು ಹೇಳಬೇಕಿತ್ತು? ವಕೀಲರು ಎಲ್ಲಿದ್ದರು? ಪೊಲೀಸ್ ಠಾಣೆಯಲ್ಲಾದರೆ ಬಂಧಿತರ ಹಕ್ಕುಗಳ ಬಗೆಗಿನ ಡಿ.ಕೆ. ಬಸು ತೀರ್ಪು ಅಂತ ಮಕ್ಕಳು ಪಟಪಟ ಹೇಳುತ್ತಾರೆ. ಕಾಡೊಳಗಿನ ಅರಣ್ಯ ಕಚೇರಿಗೆ ಬಂದಾಗ ತಡವರಿಸುತ್ತಾರೆ. ಆ ತಡವರಿಕೆಯನ್ನೇ ಹಿಡಿದು ಒಂದಿಡೀ ತರಗತಿ ನಡೆಸಬಹುದು.

ತರಗತಿಯಲ್ಲಿ ಕೇಸಿನ ಫೈಲ್ ಓದಿಸುವುದು ಹೇಗೆ?

ಹೆಸರು, ಊರು ಎಲ್ಲ ಅಳಿಸಿದ ಒಂದು ಅರಣ್ಯ ಕೇಸಿನ ಕಾಗದಗಳನ್ನು ಗೊತ್ತಿರುವ ವಕೀಲರಿಂದ ತಗೊಳ್ಳಿ. ಕಾಡಿನವರ ಬಾಯಲ್ಲಿ ಅದು ಎಫ್‌ಓಸಿ, ಅಂದರೆ ಫಾರೆಸ್ಟ್ ಅಫೆನ್ಸ್ ಕೇಸು. ಪೊಲೀಸ್ ಎಫ್‌ಐಆರ್ ಬೇರೆ, ಇದು ಬೇರೆ. ಪೊಲೀಸ್ ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು, ಹುಡುಕಿದರೆ ಸಿಗುತ್ತವೆ. ಅರಣ್ಯ ಕೇಸಿನ ಕಾಗದ ಹಾಗೆ ಕೈಗೆ ಸಿಗುವುದಿಲ್ಲ.

ಮೊದಲು ಮಹಜರ್, ಅಂದರೆ ಸ್ಥಳದಲ್ಲಿ ಕಂಡದ್ದನ್ನು, ಸಿಕ್ಕಿದ್ದನ್ನು ಬರೆದ ಕಾಗದ, ಓದಿಸಿ. ಗಟ್ಟಿಯಾಗಿ, ಒಬ್ಬರು ನಿಂತು. ಯಾವ ಜಾಗ, ಎಷ್ಟು ಗಂಟೆ, ಯಾರು ಬರೆದದ್ದು, ಸಾಕ್ಷಿಯಾಗಿ ನಿಂತ ಪಂಚರು ಯಾರು. ನಾನು ನೋಡಿದ ಫೈಲುಗಳಲ್ಲಿ ಪಂಚರ ಜಾಗದಲ್ಲಿ ಎಷ್ಟೋ ಸಲ ಇಲಾಖೆಯ ದಿನಗೂಲಿ ವಾಚರ್‌ಗಳದ್ದೇ ಹೆಸರು. ರಾತ್ರಿ ಹನ್ನೊಂದಕ್ಕೆ ಕಾಡಿನಲ್ಲಿ ಇನ್ಯಾರು ಸಿಗುತ್ತಾರೆ ಅಂತ ಒಬ್ಬ ಹುಡುಗ ಕೇಳಿದ. ಸರಿಯಾದ ಪ್ರಶ್ನೆಯೇ. ಹಾಗಾದರೆ ಪಂಚರು ಅನ್ನುವ ವ್ಯವಸ್ಥೆ ಯಾಕಿದೆ ಅಂತ ನಾನು ತಿರುಗಿ ಕೇಳಿದೆ. ಇಬ್ಬರೂ ಸೇರಿ ಉತ್ತರ ಹುಡುಕಿದೆವು.

ಆಮೇಲೆ ಆರೋಪಿಯ ಹೇಳಿಕೆ. ಒಂದು ಫೈಲಿನಲ್ಲಿ ಒಂದೂವರೆ ಪುಟದ ಹೇಳಿಕೆ ಇತ್ತು. "ಸದರಿ ದಿನಾಂಕದಂದು ನಾನು ಅಕ್ರಮವಾಗಿ ಮೀಸಲು ಅರಣ್ಯ ಪ್ರದೇಶವನ್ನು ಪ್ರವೇಶಿಸಿ" ಅಂತ ಶುರುವಾಗುತ್ತದೆ. ಕೊನೆಯಲ್ಲಿ ನೀಲಿ ಶಾಯಿಯ ಹೆಬ್ಬೆಟ್ಟು, ಸ್ವಲ್ಪ ಜಾರಿದ್ದು, ಎಡಗಡೆ ಮಸುಕಾಗಿತ್ತು. ಆ ಕಾಗದವನ್ನು ಬೆಂಚಿನಿಂದ ಬೆಂಚಿಗೆ ಕಳಿಸಿದೆ. ಜೇನುಕುರುಬ ನುಡಿ ಮಾತಾಡುವ, ಓದು ಬರಹ ಬಾರದ ಒಬ್ಬ ಮನುಷ್ಯ ತನ್ನ ಬಾಯಿಂದ "ಸದರಿ ದಿನಾಂಕದಂದು" ಅಂತ ಹೇಳಿರಲು ಸಾಧ್ಯವಾ ಅಂತ ಒಬ್ಬಳು ಹುಡುಗಿ ತಾನಾಗಿಯೇ ಕೇಳಿದಳು. ನಾನು ಏನೂ ಹೇಳಬೇಕಾಗಲಿಲ್ಲ.

ಇಲ್ಲಿ ಕಾನೂನಿನ ಅಂಶವನ್ನು ಬಿಡಿಸಿ ಹೇಳಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷಿಯಾಗಿ ನಡೆಯುವುದಿಲ್ಲ. ವನ್ಯಜೀವಿ ಕಾಯ್ದೆಯ 50ನೇ ಕಲಂನಲ್ಲಿ ಹಾಗಿಲ್ಲ. ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಮೇಲಿನವರು ದಾಖಲಿಸಿದ ಸಾಕ್ಷ್ಯ, ಆರೋಪಿಯ ಎದುರಲ್ಲೇ ದಾಖಲಾಗಿದ್ದರೆ, ಕೋರ್ಟಿನಲ್ಲಿ ನಡೆಯುತ್ತದೆ. ಅದೇ ಮನುಷ್ಯ, ಅದೇ ಭಯ. ಕೂರಿಸಿದ ಕಚೇರಿ ಯಾವುದು ಅನ್ನುವುದರ ಮೇಲೆ ಕಾಗದದ ತೂಕ ಬದಲಾಗುತ್ತದೆ. ಕಾನೂನು ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಕಾಯ್ದೆಯ ಪಾಠ ನನಗೆ ಗೊತ್ತಿಲ್ಲ.

ಜಾಮೀನಿನ ಬಗ್ಗೆ ಎಷ್ಟು ಹೇಳಬೇಕು?

ಜಾಸ್ತಿ ಹೇಳಬೇಕು. ಶಿಕ್ಷೆ ಆಗುವ ಮೊದಲೇ ಶಿಕ್ಷೆ ನಡೆಯುವುದು ಇಲ್ಲೇ.

ಜಾಮೀನು ಸಿಕ್ಕಿತು ಅಂತ ಆದೇಶ ಬರುತ್ತದೆ. ಶ್ಯೂರಿಟಿ ಕೊಡಿ ಅನ್ನುತ್ತಾರೆ. ಶ್ಯೂರಿಟಿ ಅಂದರೆ ಪಹಣಿ. ಹಾಡಿಯಲ್ಲಿ ಯಾರ ಹೆಸರಲ್ಲಿ ಪಹಣಿ ಇದೆ? ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದ್ದರೂ ಆ ಜಮೀನನ್ನು ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಒಂದು ಕೋರ್ಟಿನ ವರಾಂಡದಲ್ಲಿ ನಾನು ಕಣ್ಣಾರೆ ನೋಡಿದ್ದು: ಒಬ್ಬ ಅಣ್ಣ ತಮ್ಮನನ್ನು ಬಿಡಿಸಿಕೊಳ್ಳಲು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಹಕ್ಕುಪತ್ರ ತಂದಿದ್ದ. ಗುಮಾಸ್ತರು ತಿರುಗಿಸಿ ನೋಡಿ, ಇದು ಆಗಲ್ಲ ಅಂತ ವಾಪಸ್ ಕೊಟ್ಟರು. ಅವನು ಅದನ್ನು ಮತ್ತೆ ಅದೇ ಮಡಿಕೆಗೆ ಮಡಚಿ ಒಳಗಿಟ್ಟುಕೊಂಡ. ಬಸ್ಸಿಗೆ ಹೊರಟ.

1978ರ ಮೋತಿರಾಮ್ ತೀರ್ಪು ಓದಿಸಿ. ಒಬ್ಬ ಬಡ ಗಾರೆ ಕೆಲಸದವನಿಗೆ 10,000 ರೂಪಾಯಿ ಶ್ಯೂರಿಟಿ ಕೇಳಿದ್ದರು, ಅಣ್ಣನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅದನ್ನೂ ಒಪ್ಪಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿ ಅಂದರು. ಅದಾಗಿ ಇಷ್ಟು ವರ್ಷ ಆದ ಮೇಲೂ 2022ರ ನವೆಂಬರ್ 26ರಂದು, ಸಂವಿಧಾನ ದಿನ, ರಾಷ್ಟ್ರಪತಿ ದ್ರೌಪದಿ ಮುರ್ಮು ಸುಪ್ರೀಂ ಕೋರ್ಟಿನ ಕಾರ್ಯಕ್ರಮದಲ್ಲಿ ಜೈಲಿನಲ್ಲಿ ಕೊಳೆಯುತ್ತಿರುವ ಬಡವರ ಬಗ್ಗೆ ಮಾತಾಡಬೇಕಾಯಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಜಾಮೀನು ಸಿಕ್ಕಿ 7 ದಿನವಾದರೂ ಹೊರಬರದವರ ವಿಷಯ ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಆದೇಶಿಸಿತು.

ಹೊಸ ಕಾನೂನು ಪಾಠ ಮಾಡುವಾಗ ಒಂದು ಸೂಕ್ಷ್ಮ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಜೈಲಿನಲ್ಲಿ ಕಳೆದಿದ್ದರೆ ಬಿಡಬೇಕು. ಕೇಳಲು ಚೆನ್ನಾಗಿದೆ. ಆದರೆ ಒಬ್ಬನ ಮೇಲೆ ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ದರೆ ಈ ಅನುಕೂಲ ಇಲ್ಲ. ಸೌದೆಗೆ ಒಂದು, ಒಳಗೆ ಹೋದದ್ದಕ್ಕೆ ಒಂದು, ಹೀಗೆ ಹಳೇ ಕೇಸು ಬಾಕಿ ಉಳಿಸಿಕೊಂಡವರು ಕಾಡಂಚಿನಲ್ಲಿ ಎಷ್ಟು ಮಂದಿ ಇರಬಹುದು ಅಂತ ಮಕ್ಕಳೇ ಯೋಚಿಸಲಿ.

ಅಂಕಿಅಂಶ ಎಷ್ಟು ಕೊಡಬೇಕು?

ಸ್ವಲ್ಪ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು, ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು. ಪರಿಶಿಷ್ಟ ಪಂಗಡದವರ ಪಾಲು ಜನಸಂಖ್ಯೆಯಲ್ಲಿ ಶೇ 8.6, ಶಿಕ್ಷೆಯಾದ ಕೈದಿಗಳಲ್ಲಿ ಅದಕ್ಕಿಂತ ಜಾಸ್ತಿ. ಇಷ್ಟು ಸಾಕು. ಒಂದು ಫೈಲು ಓದಿದ ಮೇಲೆ ಕೊಟ್ಟರೆ ಈ ಸಂಖ್ಯೆಗಳಿಗೆ ಮುಖ ಬರುತ್ತದೆ, ಮೊದಲೇ ಕೊಟ್ಟರೆ ನೋಟ್ಸ್ ಆಗುತ್ತವೆ.

ಭಾಷೆಯ ಪ್ರಶ್ನೆ ಬರುತ್ತದಾ? ಎಲ್ಲರಿಗೂ ಕನ್ನಡ ಬರುತ್ತಲ್ಲ.

ಸಂತೆಯಲ್ಲಿ ಮಾತಾಡುವ ಕನ್ನಡ ಬೇರೆ, ಚಾರ್ಜ್‌ಶೀಟಿನ ಕನ್ನಡ ಬೇರೆ. ಎರವ, ಜೇನುಕುರುಬ, ಕೊರಗ ನುಡಿಗಳೂ ಬೇರೆಯೇ. ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಸಾಕ್ಷ್ಯವನ್ನು ತಿಳಿಸಬೇಕು ಅಂತ ಕಾನೂನೇ ಹೇಳುತ್ತದೆ. "ತಪ್ಪು ಒಪ್ಪಿಕೊಳ್ಳುತ್ತೀಯಾ?" ಅಂದಾಗ ತಲೆ ಆಡಿಸಿದ್ದು ಒಪ್ಪಿಗೆಯಾ, ಗೌರವಕ್ಕಾ, ಕೇಳಿಸಿತು ಅನ್ನುವುದಕ್ಕಾ? ತರಗತಿಯಲ್ಲಿ ಇದನ್ನು ಆಡಿಸಿ ನೋಡಿ.

ಅಟ್ರಾಸಿಟಿ ಕಾಯ್ದೆ ದುರುಪಯೋಗ ಆಗ್ತಿದೆ ಅಂತ ಮಕ್ಕಳು ವಾದ ಮಾಡುತ್ತಾರೆ. ಏನು ಹೇಳೋದು?

ವಾದ ಮಾಡುವ ಮೊದಲು ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಆ ಕಾಯ್ದೆಯ 3ನೇ ಕಲಂ ಪೂರ್ತಿ ಓದಿ ಬರಲು ಹೇಳಿ. ಬೈಗುಳದ ಕಾಯ್ದೆ ಅಂತ ಅಂದುಕೊಂಡಿರುತ್ತಾರೆ. ಅರಣ್ಯ ಹಕ್ಕು ಅನುಭವಿಸಲು ಅಡ್ಡಿ ಮಾಡುವುದು ಅದರಲ್ಲಿ ಅಪರಾಧ. ಪರಿಶಿಷ್ಟರ ಮೇಲೆ ಸುಳ್ಳು ಕೇಸು ಹಾಕುವುದೂ ಅಪರಾಧ. ಈ ಎರಡನ್ನು ಓದಿ ಬಂದ ಮೇಲೆ ಚರ್ಚೆಯ ಮಟ್ಟವೇ ಬೇರೆ ಆಗುತ್ತದೆ.

ಆಮೇಲೆ ಕೋಟತಟ್ಟಿನ ಘಟನೆ ಕೊಡಿ. 2021ರ ಡಿಸೆಂಬರ್ ಕೊನೆಯಲ್ಲಿ ಉಡುಪಿ ಜಿಲ್ಲೆಯ ಕೋಟ ಹತ್ತಿರ ಕೊರಗರ ಮನೆಯೊಂದರಲ್ಲಿ ಮದುವೆ ಮುನ್ನಾದಿನದ ಮೆಹಂದಿ. ಸದ್ದು ಜಾಸ್ತಿ ಅಂತ ದೂರು, ಪೊಲೀಸರು ಬಂದರು, ಲಾಠಿ ಬೀಸಿದರು. ಮದುಮಗನಿಗೂ ಪೆಟ್ಟು ಬಿತ್ತು. ಸಬ್ ಇನ್‌ಸ್ಪೆಕ್ಟರ್ ಅಮಾನತಾದರು. ಅಷ್ಟಕ್ಕೇ ನಿಲ್ಲಲಿಲ್ಲ. ಪೊಲೀಸರ ಮೇಲೆ ಹಲ್ಲೆ ಮಾಡಿದರು ಅಂತ ಕೊರಗರ ಮೇಲೂ ಕೇಸಾಯಿತು. ತನಿಖೆ ಸಿಐಡಿಗೆ ಹೋಯಿತು. ಒಂದೇ ರಾತ್ರಿ, ಎರಡು ದೂರು. ತರಗತಿಯನ್ನು ಎರಡು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಕಡೆಯ ದೂರನ್ನು ಬರೆಯಲು ಹೇಳಿ. ಯಾರ ದೂರು ಬರೆಯುವುದು ಸುಲಭವಾಯಿತು, ಯಾಕೆ, ಅಂತ ಕೇಳಿ. ಠಾಣೆಯ ಭಾಷೆ ಯಾರಿಗೆ ಮೊದಲೇ ಗೊತ್ತು ಅನ್ನುವುದು ಅಲ್ಲೇ ಎದ್ದು ಕಾಣುತ್ತದೆ.

ವೀರಪ್ಪನ್ ಕಾರ್ಯಾಚರಣೆ, ನಕ್ಸಲ್ ಕೇಸು, ಇಂಥವನ್ನು ತರಗತಿಗೆ ತರಬಹುದಾ? ಗಲಾಟೆ ಆಗಲ್ವಾ?

ತನ್ನಿ. ನಮ್ಮದೇ ನೆಲದ ಚರಿತ್ರೆ. ಮಲೆ ಮಹದೇಶ್ವರ ಬೆಟ್ಟದ ಸುತ್ತ ವೀರಪ್ಪನ್ ಹುಡುಕಾಟದ ಪೊಲೀಸ್ ಕಾರ್ಯಪಡೆಯ ಕೈಗೆ ಸಿಕ್ಕವರಲ್ಲಿ ಸೋಲಿಗರೂ ಇದ್ದರು. ಭಯೋತ್ಪಾದನೆ ವಿರುದ್ಧದ ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದವರಲ್ಲಿ ಹೆಚ್ಚಿನವರು 2001ರಲ್ಲಿ ಬಿಡುಗಡೆಯಾದರು. ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ವಿಚಾರಣೆ ನಡೆಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ಹೇಳಿತು.

ಇನ್ನೊಂದು ಪ್ರಕರಣ ಮಕ್ಕಳ ವಯಸ್ಸಿಗೆ ಹತ್ತಿರದ್ದು. 2012ರ ಮಾರ್ಚ್‌ನಲ್ಲಿ ಕುದುರೆಮುಖ ಕಾಡಂಚಿನ ಕುತ್ಲೂರಿನ ಒಬ್ಬ ಮಲೆಕುಡಿಯ ಹುಡುಗನನ್ನು, ಅವನ ತಂದೆಯನ್ನು ಬಂಧಿಸಿದರು. ಹುಡುಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. ಆರೋಪ: ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ), ದೇಶದ್ರೋಹ. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಬಗೆಗಿನ ಪುಸ್ತಕ, ಪತ್ರಿಕೆಯ ತುಣುಕು, ಊರಿಗೆ ಸೌಕರ್ಯ ಕೊಡುವವರೆಗೆ ಚುನಾವಣೆ ಬಹಿಷ್ಕರಿಸುತ್ತೇವೆ ಅನ್ನುವ ಪತ್ರ. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಒಂಬತ್ತೂವರೆ ವರ್ಷ. ಈ ಪಟ್ಟಿ ಓದಿದ ಮೇಲೆ ನಿಮ್ಮ ಹಾಸ್ಟೆಲ್ ರೂಮಿನ ಕಪಾಟಿನಲ್ಲಿ ಏನೇನಿದೆ ಬರೆಯಿರಿ ಅಂದೆ. ಯಾರೂ ನಗಲಿಲ್ಲ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕಾ?

ಮಥುರಾ ಪ್ರಕರಣ ಬಿಡಬೇಡಿ. 1972ರಲ್ಲಿ ಮಹಾರಾಷ್ಟ್ರದ ಒಂದು ಠಾಣೆಯೊಳಗೆ ಆದಿವಾಸಿ ಹುಡುಗಿಯ ಮೇಲೆ ಪೊಲೀಸರಿಂದ ಅತ್ಯಾಚಾರದ ಆರೋಪ. ಸುಪ್ರೀಂ ಕೋರ್ಟು ಆ ಪೊಲೀಸರನ್ನು ಬಿಟ್ಟುಬಿಟ್ಟಿತು. ಮೈಮೇಲೆ ಗಾಯ ಇರಲಿಲ್ಲ ಅನ್ನುವುದು ಅದಕ್ಕೆ ಒಂದು ಕಾರಣ. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಂವಾರ್, ರಘುನಾಥ್ ಕೇಳ್ಕರ್ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ನಾಲ್ವರೂ ಕಾನೂನು ಪಾಠ ಮಾಡುವವರು. ದೇಶದಾದ್ಯಂತ ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. ಪಾಠ ಹೇಳುವವರು ಬರೆದ ಒಂದು ಪತ್ರಕ್ಕೆ ಅಷ್ಟು ಬಲ ಇತ್ತು.

ಕೆನಡಾ, ಆಸ್ಟ್ರೇಲಿಯಾ ಪಾಠ ಬೇಕಾ?

ಒಂದು ತರಗತಿ ಸಾಕು, ಕೊನೆಯಲ್ಲಿ. ಕೆನಡಾದ ಸುಪ್ರೀಂ ಕೋರ್ಟು 1999ರ ಗ್ಲಾಡ್ಯೂ ತೀರ್ಪಿನಲ್ಲಿ, ಮೂಲನಿವಾಸಿಗಳಿಗೆ ಶಿಕ್ಷೆ ಕೊಡುವಾಗ ಅವರ ಸಮುದಾಯ ಅನುಭವಿಸಿದ್ದನ್ನೂ ನೋಡಬೇಕು ಅಂದಿತು. 2015ರಲ್ಲಿ ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗ ಕೊಟ್ಟ 94 ಕರೆಗಳಲ್ಲಿ 28ನೆಯದು, ಕಾನೂನು ಓದುವ ಪ್ರತಿಯೊಬ್ಬರೂ ಈ ವಿಷಯ ಓದಲೇಬೇಕು ಅಂತ. ಆಸ್ಟ್ರೇಲಿಯಾದಲ್ಲಿ ಬಂಧನದಲ್ಲಿದ್ದಾಗ ಸತ್ತ 99 ಮೂಲನಿವಾಸಿಗಳ ಬಗ್ಗೆ ವಿಚಾರಣೆ ನಡೆಸಿದ ಆಯೋಗ 1991ರಲ್ಲಿ 339 ಶಿಫಾರಸು ಕೊಟ್ಟಿತು. ನಮ್ಮಲ್ಲಿ ಶಿಕ್ಷೆ ಕೊಡುವಾಗ ಇಂಥದ್ದನ್ನು ನೋಡುವ ಕಡ್ಡಾಯ ನಿಯಮ ಇದೆಯಾ ಅಂತ ಮಕ್ಕಳು ಹುಡುಕಲಿ.

ಹಾಡಿಗೆ ಫೀಲ್ಡ್ ಟ್ರಿಪ್ ಕರ್ಕೊಂಡು ಹೋಗಬಹುದಾ?

ಮೊದಲ ವರ್ಷ ನಾನು ಹೋಗಿದ್ದೆ. ಒಂದು ಬಸ್ಸು, 40 ಮಕ್ಕಳು, ಕೈಯಲ್ಲಿ ಪ್ರಶ್ನಾವಳಿ. ಬಿಸಿಲಿಗೆ ಮನೆ ಮುಂದೆ ಕೂತಿದ್ದ ಒಬ್ಬ ಅಜ್ಜಿ ಎಲ್ಲ ಪ್ರಶ್ನೆಗೂ ತಾಳ್ಮೆಯಿಂದ ಉತ್ತರ ಕೊಟ್ಟರು. ಆಮೇಲೆ, "ನನ್ನ ಮಗನ ವಾಯಿದೆ ಯಾವತ್ತು ಅಂತ ನೋಡಿ ಹೇಳ್ತೀರಾ?" ಅಂದರು. 40 ಮಂದಿಯಲ್ಲಿ, ನಾನೂ ಸೇರಿ, ಯಾರಿಗೂ ಅದನ್ನು ನೋಡುವುದು ಹೇಗೆ ಅಂತ ಗೊತ್ತಿರಲಿಲ್ಲ. ವಾಪಸ್ ಬಂದು ಕಲಿತು, ತಾರೀಖು ಹುಡುಕಿ, ಹಾಡಿಯ ಯಜಮಾನರಿಗೆ ಫೋನ್ ಮಾಡಿ ಹೇಳಿದೆ. ಆ ತಾರೀಖು ಆಗಲೇ ಕಳೆದಿತ್ತು. ಆವತ್ತಿನಿಂದ ಈ ಕೋರ್ಸಿನ ಎರಡನೇ ತರಗತಿಯಲ್ಲೇ ಇ-ಕೋರ್ಟ್ಸ್ ಆ್ಯಪ್ ನೋಡುವುದನ್ನು ಎಲ್ಲರಿಗೂ ಕಲಿಸುತ್ತೇನೆ.

ಈಗ ನಾನು ಮಕ್ಕಳನ್ನು ಮೊದಲು ಕೋರ್ಟಿಗೆ ಕಳಿಸುತ್ತೇನೆ. ತಾಲೂಕು ಕೋರ್ಟಿನ ಹಾಲ್ ಯಾರು ಬೇಕಾದರೂ ಹೋಗಿ ಕೂರಬಹುದಾದ ಜಾಗ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು, ಒಬ್ಬೊಬ್ಬ ಆರೋಪಿಗೆ ಎಷ್ಟು ನಿಮಿಷ ಸಿಕ್ಕಿತು ಅಂತ ಬರೆದುಕೊಂಡು ಬರಬೇಕು. ಹಾಡಿಯವರನ್ನು ಕಾಲೇಜಿಗೆ ಕರೆಯಿರಿ, ಬೇರೆ ಅತಿಥಿಗಳಿಗೆ ಕೊಡುವಷ್ಟೇ ಗೌರವಧನ ಕೊಡಿ, ಬಸ್ ಚಾರ್ಜ್ ಮೊದಲೇ ಕಳಿಸಿ. ಅವತ್ತಿನ ಕೂಲಿ ಬಿಟ್ಟು ಬಂದಿರುತ್ತಾರೆ.

ತರಗತಿಯಲ್ಲೇ ಆದಿವಾಸಿ ಮಕ್ಕಳಿದ್ದರೆ? ಅರಣ್ಯ ಇಲಾಖೆಯವರ ಮಕ್ಕಳಿದ್ದರೆ?

ಎಲ್ಲರ ಮುಂದೆ "ನೀವೇ ಹೇಳಿ" ಅಂತ ಆದಿವಾಸಿ ವಿದ್ಯಾರ್ಥಿಯನ್ನು ನಿಲ್ಲಿಸಬೇಡಿ. ತಾವಾಗಿ ಮಾತಾಡಿದರೆ ಸಮಯ ಕೊಡಿ. ಕೆಲವರ ಮನೆಯಲ್ಲೇ ಕೇಸು ನಡೆಯುತ್ತಿರಬಹುದು.

ಗಾರ್ಡ್ ಮಗಳೊಬ್ಬಳು ಒಂದು ಸಲ ಪಾಠ ಮುಗಿದ ಮೇಲೆ ಬಂದಳು. ಅಪ್ಪ ರಾತ್ರಿ ಬೀಟಿಗೆ ಹೋದರೆ ಅಮ್ಮ ಮಲಗುವುದಿಲ್ಲ ಸರ್ ಅಂದಳು. ಆನೆ, ಕಳ್ಳಬೇಟೆಯವರು, ಮೇಲಿನವರ ಒತ್ತಡ. ಅದೂ ಪಾಠದ ಭಾಗವೇ. ಹಾಡಿಯ ಹುಡುಗರೇ ಎಷ್ಟೋ ಕಡೆ ದಿನಗೂಲಿ ವಾಚರ್‌ಗಳು. ಮಹಜರಿನಲ್ಲಿ ಪಂಚನಾಗಿ ಹೆಬ್ಬೆಟ್ಟು ಒತ್ತಿದವನೂ ಆರೋಪಿಯೂ ಒಂದೇ ಹಾಡಿಯವರಾಗಿರುವುದುಂಟು.

ಪರೀಕ್ಷೆ ಹೇಗೆ ಮಾಡೋದು?

ಕಲಂ ಸಂಖ್ಯೆ ಬಾಯಿಪಾಠ ಕೇಳಬೇಡಿ. ಒಂದು ಜಾಮೀನು ಅರ್ಜಿ ಬರೆಸಿ.

ಪಾಠ ಮುಗಿದ ಮೇಲೆ "ನಾವೇನು ಮಾಡಬಹುದು?" ಅಂತ ಕೇಳುವವರಿಗೆ?

ಮಾಡುವ ಕೆಲಸ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ಹಾಡಿಯಲ್ಲಿ ಇದು ಗೊತ್ತಿರುವವರು ಕಡಿಮೆ. ತಾಲೂಕು ಸಮಿತಿಯಲ್ಲಿ ಅರೆಕಾನೂನು ಸ್ವಯಂಸೇವಕರಾಗಿ (ಪ್ಯಾರಾ ಲೀಗಲ್ ವಾಲಂಟಿಯರ್) ಸೇರಿಕೊಳ್ಳಲಿ.

ಇನ್ನೊಂದು, ಅರಣ್ಯ ಹಕ್ಕಿನ ಅರ್ಜಿ. ವೈಯಕ್ತಿಕ ಹಕ್ಕಿಗೆ ನಮೂನೆ ಎ, ಸಮುದಾಯಕ್ಕೆ ಬಿ, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ಸಿ. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕಾರವಾದವರನ್ನು ಕಾಡಿನಿಂದ ಹೊರಹಾಕಿ ಅಂದಿತ್ತು, 28ಕ್ಕೆ ಅದಕ್ಕೆ ತಡೆ ಬಂತು. ಆ ಎರಡು ವಾರ ಹಾಡಿಗಳಲ್ಲಿ ಅರ್ಜಿ ಅನ್ನುವುದು ಎಷ್ಟು ದೊಡ್ಡ ಕಾಗದ ಅಂತ ಎಲ್ಲರಿಗೂ ಗೊತ್ತಾಯಿತು. ಆ ಕಾಯ್ದೆಯ ನಿಯಮಗಳಲ್ಲಿ ಊರಿನ ಹಿರಿಯರ ಹೇಳಿಕೆಯೂ ಒಂದು ಪುರಾವೆ, ಅದನ್ನು ಬರೆದಿಟ್ಟಿರಬೇಕು. ಕಳೆದ ಸಲ ನಮ್ಮ ಇಬ್ಬರು ಮಕ್ಕಳು ಒಬ್ಬ ಹಿರಿಯರ ಹೇಳಿಕೆ ಬರೆದುಕೊಂಡರು. ಅವರು ಹೇಳಿದ ಮಾತನ್ನೇ, ಅವರದೇ ಪದದಲ್ಲಿ: ಯಾವ ಕೆರೆ ಪಕ್ಕ ಮನೆ ಇತ್ತು, ಯಾವ ಮರದ ಹತ್ತಿರ ಅಪ್ಪನನ್ನು ಮಣ್ಣು ಮಾಡಿದ್ದು, ರಾಗಿ ಚೆಲ್ಲುತ್ತಿದ್ದ ಜಾಗ ಯಾವುದು. ಬರೆದ ಮೇಲೆ ಗಟ್ಟಿಯಾಗಿ ಓದಿ ಹೇಳಿದರು. ಅಜ್ಜ ಎರಡು ಕಡೆ ತಿದ್ದಿಸಿದರು, ಇನ್ನೊಂದು ಸಲ ಓದು ಅಂದರು. ಎರಡನೇ ಸಲ ಪೂರ್ತಿ ಕೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿದರು.